ಯೂಫ್ರೆಟಿಸ್ ದಂಡೆಯ ಮನೆಗೆ ಗೋಪುರ ಕೇಳಿದವರು

ಮೊದಲ ಸಭೆಯಲ್ಲಿ ಅಧ್ಯಕ್ಷರು ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಐದು ನಿಮಿಷ ನೋಡಿದರು. ಆಮೇಲೆ ಕೇಳಿದ್ದು ಒಂದೇ: ಗೋಪುರ ಎಲ್ಲಿ? ಗೋಪುರ ಇಲ್ಲ ಎಂದೆ. ಮೇಲೆ ಶಿಲುಬೆ? ಅದೂ ಇಲ್ಲ. ಗಂಟೆ? ಇಲ್ಲ. ಬೆಂಚುಗಳ ಸಾಲು? ಇಲ್ಲ. ಹಾಗಾದರೆ ಇದರಲ್ಲಿ ಚರ್ಚು ಎನ್ನುವಂಥದ್ದು ಏನಿದೆ ಸ್ವಾಮಿ ಎಂದು ಅವರು ಮೇಜಿನ ಸುತ್ತ ಕೂತವರನ್ನೆಲ್ಲ ನೋಡಿ ನಕ್ಕರು. ಸುತ್ತ ಕೂತವರೂ ನಕ್ಕರು. ಅಧ್ಯಕ್ಷರು ನಕ್ಕ ಮೇಲೆ ಸಮಿತಿ ನಗದೆ ಇರುತ್ತದೆಯೇ?

ಡೆಟ್ರಾಯ್ಟ್ ಪಕ್ಕದ ನೋವೈಯಲ್ಲಿ ಒಂದು ಸರ್ವಧರ್ಮ ಭವನ ತಯಾರಾಗುತ್ತಿತ್ತು. ಒಂದೊಂದು ಧರ್ಮದ ಆರಂಭದ ಪ್ರಾರ್ಥನಾಸ್ಥಳ ಹೇಗಿತ್ತೆಂದು ತೋರಿಸುವ ಮಾದರಿಗಳನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಕಟ್ಟಡಗಳ ಮಾದರಿ ಮಾಡುವುದೇ ನನ್ನ ಕಸುಬು, ಕ್ರೈಸ್ತರದ್ದು ನನ್ನ ಪಾಲಿಗೆ ಬಂತು. ಅಧ್ಯಕ್ಷರು ಮೈಸೂರಿನ ಕಡೆಯ ಹೃದಯದ ಡಾಕ್ಟರು, ಊರಿಗೆಲ್ಲ ಡಾಕ್ಟರ್ ಅಂಕಲ್. ಹೃದಯ ಬಿಚ್ಚಿ ಮುಚ್ಚಿದ ಕೈ ಎನ್ನುವ ಒಂದೇ ಕಾರಣಕ್ಕೆ ಅವರಿಗೆ ಸಂಗೀತ, ವಾಸ್ತುಶಿಲ್ಪ, ವೇದಾಂತ, ಅಡುಗೆ ಎಲ್ಲವೂ ಗೊತ್ತು. ಸಲಹೆಗಾರರಾಗಿ ಒಬ್ಬ ನಿವೃತ್ತ ಇತಿಹಾಸದ ಪ್ರೊಫೆಸರ್ ಇದ್ದರು. ನಾನು ಕಳಿಸಿದ ಪ್ರತಿ ನಕ್ಷೆಗೂ ಹತ್ತು ನಿಮಿಷದಲ್ಲಿ 'ಲುಕ್ಸ್ ಗ್ರೇಟ್' ಎಂದು ಉತ್ತರ ಬರುತ್ತಿತ್ತು. ಒಮ್ಮೆ ಪರೀಕ್ಷೆಗೆಂದು ನನ್ನ ವ್ಯಾನಿನ ಇನ್ಶೂರೆನ್ಸ್ ಕಾಗದ ಕಳಿಸಿದೆ. ಅದಕ್ಕೂ 'ಲುಕ್ಸ್ ಗ್ರೇಟ್' ಬಂತು. ಹಾಳೂರಿಗೆ ಉಳಿದವನೇ ಗೌಡ.

ಇವರಿಗೆಲ್ಲ ಚರ್ಚು ಎಂದರೆ ಹೈವೇ ಪಕ್ಕದಲ್ಲಿ ಕಾಣುವ, ಬಿಳಿ ಬಣ್ಣದ, ಚೂಪು ತಲೆಯ ಕಟ್ಟಡ. ಅಂಥದ್ದು ಬರುವುದಕ್ಕೆ ಶತಮಾನಗಳು ಬೇಕಾದವು ಎಂದು ಹೇಳಿದೆ. ಮೊದಮೊದಲು ಕ್ರೈಸ್ತರು ಸೇರುತ್ತಿದ್ದದ್ದು ಯಾರದೋ ಮನೆಯಲ್ಲಿ. ನೆಲದಡಿಯಿಂದ ಎದ್ದು ಬಂದವುಗಳಲ್ಲಿ ತೀರ ಹಳೆಯದೆಂದು ಹೇಳುವ ಕಟ್ಟಡಗಳಲ್ಲಿ ಒಂದು, ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯ ದೂರಾ ಎಂಬ ಹಾಳೂರಿನದು. ಅದು ಮಣ್ಣಿಟ್ಟಿಗೆಯ ಸಾಧಾರಣ ಮನೆ, ನಡುವೆ ಅಂಗಳ, ಸುತ್ತ ಕೋಣೆಗಳು. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಉದ್ದನೆಯ ಕೋಣೆ ಮಾಡಿದ್ದರು. ಮೂಲೆಯ ಚಿಕ್ಕ ಕೋಣೆಯಲ್ಲಿ ಕ್ರೈಸ್ತರಾಗುವವರಿಗೆ ಮಾಡಿಸುವ ದೀಕ್ಷಾಸ್ನಾನಕ್ಕೆ ಒಂದು ತೊಟ್ಟಿ, ಅದರ ಮೇಲೆ ಕಂಬಗಳ ಮಂಟಪ, ಗೋಡೆ ತುಂಬ ಚಿತ್ರ. ಊರಿಗೆ ಮುತ್ತಿಗೆ ಬಿದ್ದಾಗ ಕೋಟೆಗೋಡೆಯನ್ನು ಗಟ್ಟಿಮಾಡಲು ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಿದರು, ಹಾಗಾಗಿ ಇದು ಉಳಿಯಿತು. ಇಷ್ಟೂ ವಿವರಿಸಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಎರಡನೇ ಸಭೆಗೆ ಹೋದಾಗ ಮೇಜಿನ ಮೇಲೆ ಒಂದು ಬಿಳಿ ಗೊಂಬೆ ಚರ್ಚು ಕೂತಿತ್ತು. ಯಾವುದೋ ತ್ರೀಡಿ ಪ್ರಿಂಟ್ ಅಂಗಡಿಯಲ್ಲಿ ಮಾಡಿಸಿದ್ದು. ಗೋಪುರ ಇತ್ತು, ಗಂಟೆ ಇತ್ತು, ಕಿಟಕಿಗೆ ಬಣ್ಣದ ಗಾಜೂ ಇತ್ತು. ಇದನ್ನು ಸ್ಟೋರ್ ರೂಮಿನಲ್ಲಿ ಇಟ್ಟಿರುತ್ತೇನೆ, ನಿಮ್ಮದರಲ್ಲಿ ಒಂದೇ ಒಂದು ತಪ್ಪು ಸಿಕ್ಕರೂ ಭವನದ ಹಾಲಿಗೆ ಇದೇ ಬರುತ್ತದೆ ಎಂದರು ಅಧ್ಯಕ್ಷರು. ನನಗೆ ರೇಗಿತು. ನನ್ನ ಮಾದರಿಯಲ್ಲಿ ಪ್ರತಿ ಗೋಡೆ, ಪ್ರತಿ ಬಾಗಿಲು, ಪ್ರತಿ ಮನುಷ್ಯನಿಗೂ ಆಧಾರ ಇರುತ್ತದೆ, ಒಂದು ತಪ್ಪು ತೋರಿಸಿ, ನಾನೇ ಎತ್ತಿಕೊಂಡು ಹೋಗುತ್ತೇನೆ ಎಂದೆ. ಸಮಿತಿಯ ನಡಾವಳಿಯಲ್ಲಿ ಅದನ್ನು ಬರೆಸಿದೆ ಕೂಡ. ಬರೆಸಿದವನು ನಾನೇ, ಅವರಲ್ಲ.

ಕೆಲಸ ಶುರುವಾದದ್ದು ಜನವರಿಯಲ್ಲಿ, ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನಲ್ಲಿ. ಗೋದಾಮುಗಳ ಸಾಲಿನ ಕೊನೆಯಲ್ಲಿ ನನ್ನ ಶೆಡ್ಡು. ಅಡಿಗೆ ಅರ್ಧ ಇಂಚು ಪ್ರಮಾಣ ಹಿಡಿದರೆ ಮನೆ ಒಂದು ಸಣ್ಣ ಮೇಜಿನಷ್ಟಾಗುತ್ತದೆ, ಮನುಷ್ಯ ಮೂರು ಇಂಚಿಗೆ ಸ್ವಲ್ಪ ಕಡಿಮೆ. ಗೋಡೆಗೆ ಒಳಗೆ ಮೆದು ಮರವಾದ ಬಾಸ್‌ವುಡ್, ಮೇಲೆ ಪ್ಲಾಸ್ಟರು, ಅದರ ಮೇಲೆ ಮೂರು ಸಲ ಜರಡಿ ಹಿಡಿದ ಮರಳು ಮತ್ತು ಗೋಂದು. ಒಡೆದ ಗೋಡೆಯ ಗುರುತು ಕಾಣಿಸಬೇಕೆಂದು ನನ್ನ ಹಟ. ಆ ಗುರುತೇ ಇಡೀ ಕಥೆ. ಮನೆಯೊಂದು ಚರ್ಚಾದದ್ದು ಆ ಗೆರೆಯ ಮೇಲೆ. ಅದಕ್ಕಾಗಿ ಗೋಡೆಯ ಎರಡು ಮೊಂಡುಗಳನ್ನು, ನೆಲದಲ್ಲಿ ಉಳಿದ ಪಟ್ಟಿಯನ್ನು ನಾಲ್ಕು ಸಲ ಮಾಡಿ ನಾಲ್ಕು ಸಲ ಕೆಡಿಸಿದೆ. ಹೊರಗಿನ ಚಳಿಗೆ ಶೆಡ್ಡಿನ ಹೀಟರು ಐವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿಸುತ್ತಿರಲಿಲ್ಲ. ಒದ್ದೆ ಪ್ಲಾಸ್ಟರಿನ ಹತ್ತಿರ ಇನ್ನೊಂದು ಸಣ್ಣ ಹೀಟರ್ ಇಟ್ಟೆ, ಒಂದು ಮುಖ ಬೇಗ ಒಣಗಿ ಉತ್ತರದ ಗೋಡೆ ಪೂರ್ತಿ ಸೀಳಿತು. ಫೆಬ್ರವರಿ ಅರ್ಧ ಆ ಗೋಡೆಗೇ ಹೋಯಿತು.

ಚಿತ್ರ ಬಿಡಿಸಲು ಸ್ಕೋಕಿಯಿಂದ ಒಬ್ಬರು ಬರುತ್ತಿದ್ದರು. ಹುಬ್ಬಳ್ಳಿ ಕಡೆಯವರು, ಅಲ್ಲಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದವರು, ಅರವತ್ತು ದಾಟಿದ ಹೆಂಗಸು. ಕೂದಲೆಳೆಯಂಥ ಕುಂಚದಲ್ಲಿ ಉಗುರಿನಷ್ಟು ಜಾಗದಲ್ಲಿ ಕುರಿ ಹೊತ್ತ ಕುರುಬನನ್ನು, ಬಾವಿಯ ಬಳಿ ನಿಂತ ಹೆಂಗಸನ್ನು, ಮಂಟಪದ ಒಳಮೈಗೆ ನೀಲಿ ಬಳಿದು ಬಿಳಿ ನಕ್ಷತ್ರಗಳನ್ನು ಬಿಡಿಸಿದರು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ನನಗೆ ಬೈಯಲು ಕಾರಣ ಸಿಗದಿದ್ದದ್ದು ಅವರೊಬ್ಬರ ಕೆಲಸದಲ್ಲಿ. ಮಾತು ಕಡಿಮೆ. ನಾನೋ, ಬಾಯಿಗೆ ಬೀಗ ಇಲ್ಲದವನು. ಮಧ್ಯಾಹ್ನ ಅವರು ತಂದ ಜೋಳದ ರೊಟ್ಟಿ ತಿನ್ನುತ್ತಾ ಕ್ರೈಸ್ತರ ವಿಚಾರ ಪಾಠ ಹೇಳುತ್ತಿದ್ದೆ. ದೀಕ್ಷಾಸ್ನಾನ ಎಂದರೇನು, ರೊಟ್ಟಿ ಮುರಿಯುವುದೆಂದರೇನು, ಆಗಿನವರು ಯಾಕೆ ಮನೆಯಲ್ಲಿ ಸೇರುತ್ತಿದ್ದರು. ಅವರು 'ಹೌದೇನ್ರಿ' ಎನ್ನುತ್ತಿದ್ದರು. ನಾನು ಮುಂದುವರಿಸುತ್ತಿದ್ದೆ.

ಮಾರ್ಚ್ ಕೊನೆಗೆ ಮನುಷ್ಯರನ್ನು ನಿಲ್ಲಿಸುವ ಕೆಲಸ ಬಂತು. ಅರವತ್ತು ಮಂದಿ, ಎಲ್ಲ ರಾಳದ ಗೊಂಬೆಗಳು. ಪಾದಕ್ಕೆ ಪಿನ್ನು ಚುಚ್ಚಿ, ನೆಲದಲ್ಲಿ ತೂತು ಕೊರೆದು, ಒಂದೊಂದು ಹನಿ ಸೂಪರ್ ಗ್ಲೂ ಹಾಕಿ ಇಳಿಸಬೇಕು. ಎಲ್ಲಿ ನಿಲ್ಲಿಸಬೇಕೆಂದು ನಾನು ಯೋಚನೆಯನ್ನೇ ಮಾಡಲಿಲ್ಲ. ಯೋಚಿಸುವ ಪ್ರಶ್ನೆ ಅದೆಂದು ಹೊಳೆಯಲಿಲ್ಲ. ಅಂಗಳದಲ್ಲಿ ಸಾಲಾಗಿ, ಚಿಕ್ಕ ಕೋಣೆಯ ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದೆ. ಉದ್ದನೆಯ ದೊಡ್ಡ ಕೋಣೆ ಊಟದ ಮನೆ ಎಂದು ತೀರ್ಮಾನಿಸಿ, ಅದರ ತುದಿಯ ಗಿಡ್ಡ ಜಗಲಿಯ ಮೇಲೆ ಪುಟ್ಟ ಪುಟ್ಟ ಮಡಕೆ ಜೋಡಿಸಿದೆ. ಚಿತ್ರ ಬಿಡಿಸುವವರು ಕುಂಚ ಒರೆಸುತ್ತಾ, ಇವ್ರು ಯಾಕ ಹೊರಗ ನಿಂತಾರ್ರಿ ಎಂದು ಕೇಳಿದರು. ನೀವು ಬಣ್ಣ ನೋಡಿಕೊಳ್ಳಿ, ಇತಿಹಾಸ ನನಗೆ ಬಿಡಿ ಎಂದೆ. ಅವರು ಮತ್ತೆ ಕುಂಚ ಎತ್ತಿಕೊಂಡರು.

ಏಪ್ರಿಲ್‌ನಲ್ಲಿ, ಭವನದ ಉದ್ಘಾಟನೆಯ ವಾರ, ಬುಧವಾರ ಬೆಳಿಗ್ಗೆ ವ್ಯಾನಿಗೆ ಏರಿಸಿ ಇಬ್ಬರೂ ಹೊರಟೆವು. ಶನಿವಾರ ಉದ್ಘಾಟನೆ. ಸುಮಾರು ಮುನ್ನೂರು ಮೈಲಿ. ಕೆಳಗೆ ಮೂರು ಪದರ ಸ್ಪಂಜು ಹಾಸಿದ್ದೆ. ಮಿಷಿಗನ್ ಗಡಿ ದಾಟಿದ್ದೇ ತಡ, ಗುಂಡಿಗಳು ಶುರು. ಕಲಾಮಜೂ ಹತ್ತಿರ ಒಂದು ಗುಂಡಿಯಲ್ಲಿ ವ್ಯಾನು ಕುಕ್ಕಿದ ಹೊಡೆತಕ್ಕೆ ಮಾದರಿಯ ಚಾವಣಿಯ ತುಂಡೊಂದು ಕಳಚಿ ಅಂಗಳದೊಳಗೆ ಬಿತ್ತು, ಆರು ಜನ ನೆಲಕ್ಕುರುಳಿದರು. ರೆಸ್ಟ್ ಏರಿಯಾದಲ್ಲಿ ವ್ಯಾನಿನ ಹಿಂದೆ ಮಂಡಿಯೂರಿ ಚಿಮಟದಲ್ಲಿ ಆರೂ ಜನರನ್ನು ಎತ್ತಿ ಅದೇ ಸಾಲಿನಲ್ಲಿ ಮತ್ತೆ ನಿಲ್ಲಿಸಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಭವನದ ಹಾಲಿನಲ್ಲಿ ಪೀಠದ ಮೇಲೆ ಕೂರಿಸಿ ದೀಪ ಹೊಂದಿಸಿ ಮುಗಿಸಿದೆ.

ಸಮಿತಿ ನೋಡಲು ಬಂತು. ಪ್ರೊಫೆಸರ್ ದೂರದಿಂದಲೇ ಹೆಬ್ಬೆರಳೆತ್ತಿದರು. ಅಧ್ಯಕ್ಷರು ಹತ್ತಿರ ಬಂದರು, ಬಗ್ಗಿದರು, ಸಾಲಾಗಿ ನಿಂತವರನ್ನು, ಬಾಗಿಲಾಚೆಯ ನೀಲಿ ಮಂಟಪವನ್ನು ನೋಡಿದರು. ಅವರ ಮುಖ ಅರಳಿತು.

"ಈಗ ನೋಡಿ, ಈಗ ದೇವಸ್ಥಾನದ ಕಳೆ ಬಂತು. ಗರ್ಭಗುಡಿ, ಎದುರಿಗೆ ದರ್ಶನದ ಕ್ಯೂ. ಇದನ್ನ ಯಾರು ಬೇಕಾದ್ರೂ ಅಂಡರ್‌ಸ್ಟ್ಯಾಂಡ್ ಮಾಡ್ಕೋಬಹುದು. ಗೋಪುರ ಇಲ್ದಿದ್ರೂ ಪರ್ವಾಗಿಲ್ಲ, ನಾನು ಒಪ್ಕೊಂಡೆ" ಎಂದರು.

ನಾಲ್ಕು ತಿಂಗಳಿಂದ ಆ ಬಾಯಿಂದ ಬಂದ ಮೊದಲ ಹೊಗಳಿಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅನುಮಾನ ಬಂತು. ಈ ಮನುಷ್ಯನಿಗೆ ಅರ್ಥವಾಯಿತು ಎಂದರೆ ಅದರಲ್ಲಿ ಏನೋ ಎಡವಟ್ಟು ಇರಲೇಬೇಕು. ಪಾರ್ಕಿಂಗ್ ಲಾಟಿಗೆ ಬಂದು ಚಿತ್ರ ಬಿಡಿಸುವವರ ಹತ್ತಿರ ಅದನ್ನೇ ನಗುತ್ತಾ ಹೇಳಿದೆ. ಅವರು ನಗಲಿಲ್ಲ. ವ್ಯಾನಿನ ಬಾಗಿಲು ಹಿಡಿದು ನಿಂತು, ತಪ್ಪೈತ್ರಿ ಎಂದರು.

ಏನು ತಪ್ಪು ಎಂದೆ.

"ದೀಕ್ಷಾಸ್ನಾನಕ್ಕ ಜಲ್ಮಕ್ಕ ಒಮ್ಮೆ ಹೋಗೋ ಸಣ್ಣ ಖೋಲಿರಿ ಅದು. ನೀವು ಅದಕ್ಕ ವಾರಾ ವಾರಾ ಬರೋ ಮಂದೀನ ಪಾಳಿ ಹಚ್ಚೀರಿ. ನಾವು ಕೂಡೂದು ದೊಡ್ಡ ಖೋಲ್ಯಾಗ."

ನಾವು ಎಂದರೆ ಯಾರು ಎಂದು ಕೇಳಿದೆ. ನಾ ಕ್ರಿಶ್ಚನ್ ಅದೀನ್ರಿ, ಅಜ್ಜನ ಕಾಲದಿಂದ, ಎಂದರು. ಅಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಾನು ಜೋರು ಮಾಡಿದೆ. ನೀವು ಕೇಳಲಿಲ್ಲ ಎಂದರು. ಒಮ್ಮೆ ಹೇಳಾಕ ಬಂದಿದ್ದೆ, ಬಣ್ಣ ನೋಡ್ಕೋ ಅಂದ್ರಿ, ಎಂದೂ ಸೇರಿಸಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೋಟೆಲ್ಲಿಗೆ ಹೋಗಿ ಉತ್ಖನನದ ನಕ್ಷೆ, ನನ್ನ ಟಿಪ್ಪಣಿಗಳು ಎಲ್ಲ ಹಾಸಿಗೆಯ ಮೇಲೆ ಹರಡಿದೆ. ಎಲ್ಲವೂ ಅಲ್ಲೇ ಇತ್ತು. ದೊಡ್ಡ ಕೋಣೆಯೇ ಸಭೆ ಸೇರುವ ಜಾಗ, ತುದಿಯ ಜಗಲಿ ಸಭೆ ನಡೆಸುವವನದು ಎಂದು ನನ್ನ ಕೈಬರಹದಲ್ಲೇ ಬರೆದಿತ್ತು. ಕೆಳಗೆ ಎರಡು ಗೆರೆ ಎಳೆದಿದ್ದೆ ಬೇರೆ. ಗೋಡೆ ಒಡೆದದ್ದು ಜನ ಕೂರಲಿ ಎಂದು, ಆ ಗೋಡೆಯನ್ನೇ ಇಡೀ ಕಥೆ ಎಂದು ಕೊಚ್ಚಿಕೊಂಡವನು ನಾನು, ಆಮೇಲೆ ಆ ಕೋಣೆಯಲ್ಲಿ ಮಡಕೆ ಇಟ್ಟವನೂ ನಾನೇ. ಓದಿದ್ದು ಕಣ್ಣಿನಲ್ಲೇ ಉಳಿದಿತ್ತು. ಕೈ ಮಾತ್ರ ಚಿಕ್ಕಂದಿನಿಂದ ಕಲಿತದ್ದನ್ನೇ ಮಾಡಿತ್ತು: ಚಿಕ್ಕ ಕೋಣೆ, ಮಂಟಪ, ನೀರು ಕಂಡರೆ ಅದು ಗರ್ಭಗುಡಿ, ಜನ ಹೊರಗೆ ಸಾಲಾಗಿ ನಿಲ್ಲಬೇಕು. ಚೂಪು ತಲೆ ಕಂಡರೇನೇ ಚರ್ಚು ಎನ್ನುವ ಡಾಕ್ಟರಿಗೂ ನನಗೂ ಏನು ವ್ಯತ್ಯಾಸ? ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಪಕ್ಕದವರ ಎಲೆಯ ನೊಣ ಓಡಿಸುತ್ತಾ ಕೂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸುಮ್ಮನಿದ್ದುಬಿಡಬಹುದಿತ್ತು. ಸಮಿತಿಗೆ ಗೊತ್ತಿಲ್ಲ, ಪ್ರೊಫೆಸರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ನನ್ನ ಹೆಸರು ಹಿತ್ತಾಳೆಯ ತಗಡಿನಲ್ಲಿ ಕೊರೆದು ಆಗಿತ್ತು. ಶಿಕಾಗೋದ ಆರ್ಕಿಟೆಕ್ಟುಗಳಿಗೆ ಫ್ಲ್ಯಾಟುಗಳ ಮಾದರಿ ಮಾಡಿ ಮಾಡಿ ಬೇಸತ್ತಿದ್ದ ನನಗೆ, ಜನ ನೂರು ವರ್ಷ ನೋಡುವಂಥ ಒಂದು ಕೆಲಸ ಇದೊಂದೇ ಸಿಕ್ಕಿತ್ತು. ಹೇಳಿದರೆ ಗೊಂಬೆ ಚರ್ಚು ಹಾಲಿಗೆ ಬರುತ್ತದೆ. ಅದಕ್ಕೆ ನಡಾವಳಿಯಲ್ಲಿ ನನ್ನದೇ ಮಾತು ಸಾಕ್ಷಿ. ಆದರೆ ಉದ್ಘಾಟನೆಯಾದ ಮೇಲೆ ಬರುವ ಶಾಲಾಮಕ್ಕಳೆಲ್ಲ, ಮೊದಲ ಕ್ರೈಸ್ತರು ದರ್ಶನಕ್ಕೆ ಕ್ಯೂ ನಿಲ್ಲುತ್ತಿದ್ದರು ಎಂದು ನನ್ನ ಹೆಸರಿನ ಕೆಳಗೆ ಕಲಿಯುತ್ತಾರೆ. ಚಿತ್ರ ಬಿಡಿಸುವವರು ಎಂದಾದರೂ ಈ ಹಾಲಿಗೆ ಬಂದರೆ ಅದನ್ನೇ ನೋಡಬೇಕು. ಶುಕ್ರವಾರ ಬೆಳಿಗ್ಗೆ ಹೋಗಿ ಹೇಳುವುದೆಂದು ತೀರ್ಮಾನಿಸಿದೆ.

ಅಧ್ಯಕ್ಷರು ರಿಬ್ಬನ್ ಕಟ್ಟಿಸುತ್ತಿದ್ದರು. ತಪ್ಪಾಗಿದೆ ಎಂದೆ, ಏನೆಂದು ವಿವರಿಸಿದೆ, ಒಂದು ದಿನ ಕೊಟ್ಟರೆ ಜನರನ್ನು ಕಿತ್ತು ದೊಡ್ಡ ಕೋಣೆಯಲ್ಲಿ ಕೂರಿಸುತ್ತೇನೆ ಎಂದೆ. ಅವರು ಗೆದ್ದೆ ಎಂದು ಕುಣಿಯುತ್ತಾರೆಂದು ನಾನು ಕಾದಿದ್ದೆ. ಅದಕ್ಕೂ ಅವರು ಲಾಯಕ್ಕಾಗಿರಲಿಲ್ಲ.

"ಅಯ್ಯೋ, ಬಿಡಿ ಸಾರ್. ಹೀಗೇ ಚೆನ್ನಾಗಿದೆ, ನಂಗೆ ಇಷ್ಟ ಆಗಿರೋದೇ ಈ ಕ್ಯೂ. ನೀವು ಹೇಳ್ದೆ ಇದ್ರೆ ಯಾರ್ ಚೆಕ್ ಮಾಡ್ತಾರೆ? ಆ ಖಾಲಿ ರೂಮಲ್ಲಿ ಜನನ್ನ ಕೂರ್ಸಿದ್ರೆ ಮತ್ತೆ ಬರೀ ಮನೆ ಆಗುತ್ತೆ" ಎಂದರು.

ಬರೀ ಮನೆಯೇ ಸಾರ್ ಅದು ಎಂದೆ. ಮುಟ್ಟಿದರೆ ಎತ್ತಿಕೊಂಡೇ ಹೋಗಬೇಕಾಗುತ್ತದೆ, ನಡಾವಳಿಯಲ್ಲಿ ನೀವೇ ಬರೆಸಿದ್ದೀರಿ ಎಂದರು ಅವರು, ರಿಬ್ಬನ್ನಿನ ಗಂಟು ನೋಡುತ್ತಾ. ಪ್ರೊಫೆಸರ್ ಕಡೆ ತಿರುಗಿದೆ. ಅವರು ಫೋನಿನಲ್ಲಿ ಮುಳುಗಿದ್ದರು. ಪ್ರಪಂಚದಲ್ಲಿ ತಪ್ಪು ಮಾಡುವವರು ಬೇಕಾದಷ್ಟು ಜನ, ತಪ್ಪು ಗೊತ್ತಾದ ಮೇಲೂ ಅದನ್ನೇ ಚಂದ ಎನ್ನುವವರನ್ನು ನಾನು ಅಂದೇ ಎದುರಿಗೆ ನೋಡಿದ್ದು. ಗಾಜಿನ ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದೆ. ಚಿತ್ರ ಬಿಡಿಸುವವರು ಆ ಕಡೆಯ ಅಂಚು ಹಿಡಿದರು. ನಾವು ಹೊರಗೆ ಹೋಗುವಾಗಲೇ ಇಬ್ಬರು ಬಿಳಿ ಚರ್ಚನ್ನು ಒಳಗೆ ತರುತ್ತಿದ್ದರು. ದಾರಿ ಬಿಟ್ಟು ನಿಂತೆವು.

ಹಿಂಬಾಗಿಲ ಹತ್ತಿರ ಸಾಮಾನು ಇಳಿಸುವ ಒಂದು ಕೋಣೆ ಇತ್ತು. ಅಲ್ಲಿನ ಮಡಚುವ ಮೇಜಿನ ಮೇಲೆ ಮಾದರಿಯನ್ನು ಇಟ್ಟೆವು. ಸ್ಟ್ರಾಪ್ ಕಟ್ಟಲು ಹೋದೆ. ಅವರು ತಡೆದರು.

"ಇಲ್ಲೇ ಸರಿ ಮಾಡೋಣ್ರಿ. ಇವ್ರು ಹಿಂಗ ಹೊರಗ ನಿಂತು ಮುನ್ನೂರು ಮೈಲಿ ಬರೂದು ಬ್ಯಾಡ."

ಯಾರು ನೋಡುತ್ತಾರೆ ಇದನ್ನು ಎಂದೆ. ಅವರು ಆಗಲೇ ಉಪಕರಣಗಳ ಪೆಟ್ಟಿಗೆಯಿಂದ ಇಕ್ಕಳ ತೆಗೆದಿದ್ದರು. ಸರಿ ಎಂದು ನಾನೂ ಕೂತೆ. ಪಾದದ ಬುಡಕ್ಕೆ ಗೋಂದು ಕರಗಿಸುವ ದ್ರವ ಒಂದು ಹನಿ, ಒಂದು ನಿಮಿಷ ಕಾಯುವುದು, ಪಿನ್ನು ತಿರುಗಿಸಿ ಎಳೆಯುವುದು. ಮಡಕೆಗಳನ್ನು ಕಿತ್ತೆ. ನಿಂತವರನ್ನು ಕೂರಿಸಬೇಕಿತ್ತು, ಮೊಣಕಾಲಿನ ಹತ್ತಿರ ರಾಳಕ್ಕೆ ಬಿಸಿ ಗಾಳಿ ಕೊಟ್ಟು ಬಗ್ಗಿಸಿದೆವು. ನಾಲ್ಕೈದು ಮಂದಿಯ ಕಾಲು ಮುರಿದು ಹೋಯಿತು. ಅಂಗಳ ಖಾಲಿಯಾಗುತ್ತಾ ಬಂತು. ಚಿಕ್ಕ ಕೋಣೆಯ ತೊಟ್ಟಿಯ ಬಳಿ ಅವರು ಇಬ್ಬರನ್ನಷ್ಟೇ ಬಿಟ್ಟರು.

ದೊಡ್ಡ ಕೋಣೆಯಲ್ಲಿ ಕೂರಿಸುವಾಗ ನಾನು ಸಾಲು ಹಾಕಲು ಹೊರಟೆ. ಅವರು ಒಪ್ಪಲಿಲ್ಲ. ಒಬ್ಬರನ್ನು ಗೋಡೆಗೆ ಒರಗಿಸಿದರು, ಒಬ್ಬಳನ್ನು ಬಾಗಿಲ ಹತ್ತಿರ, ಇಬ್ಬರು ಮುದುಕರನ್ನು ಜಗಲಿಗೆ ತಾಗಿಸಿ ಕೂರಿಸಿದರು. ಒಡೆದ ಗೋಡೆಯ ಗುರುತಿನ ಮೇಲೆ ಯಾರನ್ನೂ ಕೂರಿಸಲಿಲ್ಲ. ಅಲ್ಲಿ ಏರುತಗ್ಗು ಇರತೈತಿ, ಚಾಪಿ ಸರಿ ಕೂಡೂದಿಲ್ಲ ಎಂದರು. ಅಂಥ ವಿವರ ಯಾವ ಪುಸ್ತಕದಲ್ಲೂ ಇಲ್ಲ. ಇದಕ್ಕೆ ಆಧಾರ ಏನು ಎಂದು ನನ್ನ ಹಳೆಯ ಚಾಳಿಯಂತೆ ಕೇಳಿದೆ.

"ನಮ್ಮ ಮನಿ" ಎಂದರು.

ಅವರ ಊರಿನಲ್ಲಿ ಚರ್ಚು ಇರಲಿಲ್ಲವಂತೆ. ಹತ್ತು ಹನ್ನೆರಡು ಕುಟುಂಬ ಅಷ್ಟೆ. ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಪಾದ್ರಿ ಬರುತ್ತಿದ್ದರು, ಉಳಿದ ವಾರ ಇವರ ಮನೆಯಲ್ಲೇ ಸೇರುತ್ತಿದ್ದರು. ಜಾಗ ಸಾಲಲಿಲ್ಲ. ಇವರಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಪಡಸಾಲೆಗೂ ಮಲಗುವ ಖೋಲಿಗೂ ನಡುವಿನ ಗ್ವಾಡಿ ಕೆಡವಿದರು. ಮತ್ತೆ ನೀವೆಲ್ಲ ಮಲಗುತ್ತಿದ್ದದ್ದೆಲ್ಲಿ ಎಂದು ಕೇಳಿದೆ.

"ಅಲ್ಲೇರಿ. ಮಂದಿ ಎದ್ದು ಹ್ವಾದ ಮ್ಯಾಲೆ" ಎಂದರು. "ಮಣ್ಣು ಹೊರಗ ಹಾಕಿದ್ದು ನಾನು, ನಮ್ಮವ್ವ. ಮೂರು ದಿನ ಹಿಡೀತು."

ನಾನು ಇಕ್ಕಳ ಕೆಳಗಿಟ್ಟೆ. ಹಾಲಿನ ಕಡೆಯಿಂದ ಮೈಕ್ ಪರೀಕ್ಷೆ ಮಾಡುವ ಸದ್ದು ಬರುತ್ತಿತ್ತು. ಒಡೆದ ಗೋಡೆ ಎಷ್ಟು ದಪ್ಪವಿತ್ತೆಂದು ನಾಲ್ಕು ತಿಂಗಳು ಅಳೆದಿದ್ದೆ. ಅಂಥದ್ದೇ ಒಂದು ಗೋಡೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತವರು ಅಷ್ಟೂ ದಿನ ನನ್ನ ಎದುರಿಗೆ ಕೂತು ಬಣ್ಣ ಹಚ್ಚಿದ್ದರು, ನಾನು ಅವರ ರೊಟ್ಟಿ ತಿನ್ನುತ್ತಾ ಅವರಿಗೆ ಚರ್ಚು ಎಂದರೇನು ಎಂದು ಪಾಠ ಹೇಳಿದ್ದೆ.